ಆಚೆ ದಂಡೆಯ ಎರಡು ಬೆಂಕಿ

ರೇವಿನಹಳ್ಳಿ, ವೇದಾವತಿಯ ಮೂಡಣ ದಂಡೆ
ರಾಕ್ಷಸ ಸಂವತ್ಸರ, ಆಶ್ವಯುಜ ಬಹುಳ ತದಿಗೆ, ರಾತ್ರಿ

ಹೊಳೆಯಾಚೆಯ ಮಂಟಪದಲ್ಲಿ ನನ್ನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವ ಅವ್ವನಿಗೆ, ಈಚೆ ದಂಡೆಯಿಂದ ನಿನ್ನ ಉಚ್ಚಂಗಿ ಮಾಡುವ ನಮಸ್ಕಾರ.

ಗಡಿಯಾರದಲ್ಲಿ ಎರಡೂವರೆ. ಗೋಡೆಗೆ ಒರಗಿದ್ದವಳಿಗೆ ಯಾವಾಗಲೋ ಜೊಂಪು ಹತ್ತಿತ್ತು. ದಬ್, ದಬ್ ಎಂಬ ಸದ್ದಿಗೆ ಎಚ್ಚರವಾಯಿತು. ಎಲ್ಲೋ ಉರುಮೆ ಬಡಿಯುತ್ತಿದ್ದಾರೆಂದುಕೊಂಡೆ. ಈ ಹೊತ್ತಿನಲ್ಲಿ ಉರುಮೆಯೆಂದರೆ ಯಾರೋ ಸತ್ತಿರಬೇಕೆಂದು ದಡಬಡಿಸಿ ಎದ್ದೆ. ಕಿಟಕಿಯಿಂದ ನೋಡಿದರೆ ಉರುಮೆಯಲ್ಲ. ಅಂಬಿಗರ ಪಾತಮ್ಮ ಲಾಟೀನನ್ನು ಪಕ್ಕದಲ್ಲಿಟ್ಟುಕೊಂಡು, ತಮ್ಮ ಮನೆಯ ಹಳೇ ಹರಿಗೋಲನ್ನು ಬೋರಲು ಹಾಕಿ, ಅದರ ತೊಗಲನ್ನು ಅಂಗೈಯಿಂದ ಬಡಿದು ನೋಡುತ್ತಿದ್ದಳು. ಸದ್ದು ಮೆತ್ತಗಾದ ಕಡೆ ತೊಗಲು ಕೊಳೆತಿದೆಯೆಂದು ಅರ್ಥವಂತೆ. ಅಲ್ಲಿಗೆ ಎಣ್ಣೆಯಲ್ಲಿ ಕಾಸಿದ ರಾಳ ಮೆತ್ತಿ, ಮತ್ತೆ ಮುಂದಕ್ಕೆ ಬಡಿಯುತ್ತಿದ್ದಳು. ಈ ಹರಿಗೋಲು ಇಷ್ಟು ವರ್ಷ ಅವರ ಹಿತ್ತಿಲಲ್ಲಿ ಕೋಳಿ ಕವುಚುವುದಕ್ಕಿತ್ತು.

ಅವಳು ಯಾಕೆ ಹಾಗೆ ಮಾಡುತ್ತಿದ್ದಾಳೆಂದು ನಿನಗೆ ಹೇಳಲೇಬೇಕು. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಸುರುಮಾಡುವುದು ವಾಡಿಕೆ. ಇವತ್ತು ಆ ಸಾಲು ನನ್ನ ಕೈಯಿಂದ ಏಳಲಿಲ್ಲ.

ಮೇಸ್ತ್ರಿ ತೋಟಪ್ಪ ಹೊಸ್ತಿಲ ಹೊರಗೆ ಕೂತು ಕಾಯುತ್ತಿದ್ದಾನೆ. ಹೊಸ ಸೇತುವೆಯ ನಡುವಿನ ಕಮಾನು ಇನ್ನೂ ಕೂಡಿಲ್ಲವಲ್ಲ, ಈ ಕಡೆಯ ಕಂಬದಿಂದ ಆ ಕಡೆಯ ಕಂಬಕ್ಕೆ ಗಾರೆ ಸಾಗಿಸಲು ರಾಟೆಯ ಮೇಲೆ ಒಂದು ಹಗ್ಗ ಕಟ್ಟಿದ್ದಾರೆ. ನಿನ್ನೆ ಮಧ್ಯಾಹ್ನ ಹೊಳೆಯಲ್ಲಿ ಮರದ ದಿಮ್ಮಿಯೊಂದು ತೇಲಿಬಂದು ಬಡಿದು ಆ ಹಗ್ಗದ ಎಳೆಗಳು ಬಿಚ್ಚಿಕೊಂಡಿವೆ. ಆಳನ್ನು ಹೊರುವಷ್ಟು ಜೀವ ಅದರಲ್ಲಿಲ್ಲ. ಒಂದು ಬುಟ್ಟಿ, ಅದರಲ್ಲೊಂದು ಕಾಗದ, ನಾಲ್ಕು ಸಣ್ಣ ಸಾಮಾನು, ಅಷ್ಟನ್ನು ಒಂದು ಸಲ ದಾಟಿಸಬಹುದು ಎನ್ನುತ್ತಾನೆ. "ಜಲ್ದಿ ಬರೀರಿ ಅಮ್ಮಾವ್ರೇ, ಹಗ್ಗ ನನ್ ಮಾತು ಕೇಳೋದು ಇನ್ನೊಂದ್ ಸಲ ಅಷ್ಟೇಯ. ವಾಪಸ್ ಬಾ ಅಂದ್ರೆ ಬರಾಕಿಲ್ಲ" ಅಂದ. ನಿನ್ನ ಅಳಿಯಂದಿರು ಕಟ್ಟಿಸುತ್ತಿರುವ ಸೇತುವೆಯನ್ನು ಮೊದಲು ದಾಟುವುದು ಅಮಲ್ದಾರರ ಕುದುರೆಯಲ್ಲ, ನಿನಗೆ ಬರೆದ ಈ ಕಾಗದ. ಅವರು ಕಲ್ಲಿನ ಲೆಕ್ಕ ಒಪ್ಪಿಸಲು ಚಿತ್ರದುರ್ಗಕ್ಕೆ ಹೋದವರು ಇನ್ನೂ ಬಂದಿಲ್ಲ. ಅವರಿಗೆ ಇದೊಂದೂ ತಿಳಿಯದು.

ಬುಟ್ಟಿಗೆ ಲಾಟೀನು ಕಟ್ಟಿ ಕಳಿಸುತ್ತೇವೆ. ನೀರಿನ ಮೇಲೆ ಗಾಳಿಯಲ್ಲಿ ಬೆಳಕೊಂದು ನಡೆದು ಬಂದದ್ದನ್ನು ಕಂಡು ಗಾಡಿಯ ಹನುಮಣ್ಣ ದೆವ್ವವೆಂದು ಹೆದರಿ ಓಡದೆ, ಕಂಬದ ಹತ್ತಿರ ಹೋಗಿ ಇದನ್ನು ತಂದುಕೊಟ್ಟಿದ್ದರೆ, ನಿನ್ನ ಕೈಗೆ ಸಿಕ್ಕಿರುತ್ತದೆ. ನೀನು ಓದುವಾಗ ತುಟಿ ಅಲ್ಲಾಡಿಸುತ್ತೀಯ, ಒಂದೊಂದೇ ಅಕ್ಷರ ಕೂಡಿಸುತ್ತೀಯ. ಅದಕ್ಕೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಗಟ್ಟಿಯಾಗಿ ಮಾತ್ರ ಓದಬೇಡ. ಹನುಮಣ್ಣನ ಕಿವಿಗೆ ಬೀಳಬಾರದ ಮಾತುಗಳೂ ಇವೆ.

ನಿನ್ನೆ ಮಧ್ಯಾಹ್ನದವರೆಗೆ ಈ ಹೊಳೆ ಬರೀ ಮರಳು. ಮಾರಿಕಣಿವೆಗೆ ಅಣೆಕಟ್ಟು ಕಟ್ಟಿದ ಮೇಲೆ ಇದರ ಕಥೆ ಮುಗಿಯಿತೆಂದು ಈ ಊರಿನವರೆಲ್ಲ ನಂಬಿದ್ದರು. ಓಬಯ್ಯ ಹೊಳೆಯ ನಡುಮಧ್ಯದಲ್ಲೇ ಕಲ್ಲಂಗಡಿ ಬಳ್ಳಿ ಹಬ್ಬಿಸಿ, ಕಾವಲಿಗೆ ಗುಡಿಸಲು ಹಾಕಿಕೊಂಡಿದ್ದ. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಇದು ಹೊಳೆಯೋ ಹೊಲವೋ ಎಂದು ನಗೆಯಾಡಿದ್ದು ನಿನಗೆ ನೆನಪಿರಬೇಕು. ಆಗ ಪಾತಮ್ಮನ ಗಂಡ ಕ್ಯಾತಪ್ಪ ನನ್ನನ್ನು ದಂಡೆಗೆ ಕರೆದೊಯ್ದು, ರೇವಿನ ಕಲ್ಲುಗಂಬಗಳನ್ನು ತೋರಿಸಿದ. ಹರಿಗೋಲು ಕಟ್ಟುವ ಹಗ್ಗ ಉಜ್ಜಿ ಉಜ್ಜಿ ಆ ಕಲ್ಲಿನಲ್ಲಿ ಗಾಡಿಯ ಜಾಡಿನ ಹಾಗೆ ಗೀರು ಬಿದ್ದಿದೆ. ಅವರ ತಾತ ಮುತ್ತಾತಂದಿರು ಚಳ್ಳಕೆರೆಯ ಕಂಬಳಿ, ನಮ್ಮ ಮೊಳಕಾಲ್ಮೂರಿನ ರೇಷ್ಮೆ, ಪಾವಗಡದ ಕಡೆಯ ಕಾಳು, ಮದುವೆ ದಿಬ್ಬಣ, ಹೆಣ, ಎಲ್ಲವನ್ನೂ ಈ ಕಲ್ಲಿನಿಂದ ಆ ಕಲ್ಲಿಗೆ ಮುಟ್ಟಿಸಿದವರು. ಎತ್ತುಗಳು ಕೊಂಬಷ್ಟೇ ಕಾಣುವಂತೆ ಹಿಂದೆ ಈಜಿಕೊಂಡು ಬರುತ್ತಿದ್ದುವಂತೆ. ಸುಗ್ಗಿಯಲ್ಲಿ ಎರಡೂ ದಂಡೆಯವರು ಕಣದಿಂದ ಅಂಬಿಗನ ಪಾಲು ಅಳೆದು ಕೊಡುತ್ತಿದ್ದರು. ನೀರು ನಿಂತ ಮೇಲೆ ಉಳಿದ ಅಂಬಿಗರು ತೊಗಲು ಬಿಚ್ಚಿ ಮಾರಿ ಊರು ಬಿಟ್ಟರು. ಕ್ಯಾತಪ್ಪನೊಬ್ಬ ಬಿಡಲಿಲ್ಲ. ಹಗಲೆಲ್ಲ ಸೇತುವೆಗೆ ಕಲ್ಲು ಹೊರುತ್ತಾನೆ, ಸಂಜೆ ಬಂದು ಹರಿಗೋಲಿಗೆ ಎಣ್ಣೆ ಸವರುತ್ತಾನೆ. ನಿನ್ನ ಅಳಿಯಂದಿರು ಒಮ್ಮೆ, "ಇನ್ನು ಯಾಕೋ ಅದಕ್ಕೆ ಎಣ್ಣೆ ದಂಡ ಮಾಡ್ತೀಯಾ?" ಅಂದರೆ, "ನಿಮ್ ಕಮಾನು ಕೂಡೋಗಂಟ ಇರ್ಲಿ ಸ್ವಾಮಿ, ಆಮೇಲೆ ಕೋಳಿಗೆ ಕೊಡ್ತೀನಿ. ಈಗ ಹಳೇದು ಒಂದೈತೆ, ಕೋಳಿಗೆ ಜಾಗ ಸಾಲ್ತಿಲ್ಲ" ಅಂದಿದ್ದ.

ಈ ಹೊಳೆ ತುಂಗಭದ್ರೆಗೆ, ಅದು ಕೃಷ್ಣೆಗೆ, ಕೃಷ್ಣೆ ಸಮುದ್ರಕ್ಕೆ ಸೇರುತ್ತದೆಂದು ಮೈಸೂರಿನ ಕಾಲೇಜಿನಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ಕಲಿತವಳು ನಾನು. ಅದನ್ನೇ ಅವನಿಗೆ ಹೇಳಿದ್ದೆ. ಸಮುದ್ರ ಹೇಗಿರುತ್ತದೆಂದು ಕೇಳಿದ. ಆಚೆ ದಂಡೆಯೇ ಕಾಣುವುದಿಲ್ಲ ಅಂದೆ. ಅದಕ್ಕವನು, "ಆಚೆ ದಂಡೆ ಇಲ್ದಿದ್ ಮ್ಯಾಲೆ ಹರಿಗೋಲು ಯಾತಕ್ಕೆ ತಾಯಿ? ಕರೆಯೋರೇ ಇರಾಕಿಲ್ವಲ್ಲ" ಅಂದ.

ನಿನ್ನೆ ಊಟದ ಹೊತ್ತಿಗೆ ತೆಂಕಣ ಕಡೆಯಿಂದ ಒಣಗಿದ ತರಗಿನ ಮೇಲೆ ನೂರಾರು ಗಾಡಿ ಹೊಡೆದ ಹಾಗೆ ಸದ್ದು ಕೇಳಿತು. ಕಣಿವೆಯ ನೀರಲ್ಲ ಅದು. ಕಣಿವೆಯ ಕೆಳಗೆ ಬಂದು ಸೇರುವ ಸುವರ್ಣಮುಖಿಯದು. ಅದನ್ನು ಯಾರೂ ಕಟ್ಟಿಲ್ಲವಲ್ಲ! ನಕ್ಷೆಯಲ್ಲಿ ನಾನು ಕಂಡೇ ಇದ್ದೆ, ಆದರೂ ಹೊಳೆದಿರಲಿಲ್ಲ. ಮುಳ್ಳುಕಂಟಿ, ನೊರೆ, ಸತ್ತ ಹಾವು, ಯಾರದೋ ಮನೆಯ ಒನಕೆ, ಎಲ್ಲವನ್ನೂ ಮುಂದೆ ತಳ್ಳಿಕೊಂಡು ಕೆಂಪು ನೀರು ಬಂತು. ಓಬಯ್ಯ ಎರಡೂ ಕಂಕುಳಲ್ಲಿ ಒಂದೊಂದು ಹಣ್ಣು ಇರುಕಿಕೊಂಡು ಓಡಿಬಂದ. ಉಳಿದ ಕಲ್ಲಂಗಡಿಗಳು ಮಕ್ಕಳ ತಲೆಗಳ ಹಾಗೆ ತೇಲಿ ಹೋದವು. ಅದನ್ನು ನೋಡಬಾರದಿತ್ತು, ರಾತ್ರಿಯೆಲ್ಲ ಅದೇ ಕಣ್ಣಮುಂದೆ ಬರುತ್ತಿದೆ.

ಇಳಿಹೊತ್ತಿಗೆ ಆಚೆ ದಂಡೆಯಲ್ಲಿ ನಿಮ್ಮ ಗಾಡಿ ಕಂಡಿತು. ನಿನ್ನ ಹಸಿರು ಸೀರೆ ನನಗೆ ಎಷ್ಟು ದೂರದಿಂದಲೂ ಗುರುತು. ನೀನು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ, ನಾನು ಸೆರಗು ಬೀಸಿದೆ. ಕೂಗಿದೆ. ಮೊರೆತದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ನನ್ನ ಜೋಗಿ ಎಷ್ಟು ಬೆಳೆದಿದ್ದಾಳೋ. ಚಳಿಜ್ವರದಲ್ಲಿ ನಾನು ನಡುಗುತ್ತ ಬಿದ್ದಿದ್ದಾಗ ನೀನು ಬಂದು, "ನೀನು ಎದ್ದು ಕೂತ್ರೆ ಸಾಕು, ಇದನ್ನ ನನಗೆ ಕೊಡು" ಎಂದು ಮೊಳಕಾಲ್ಮೂರಿಗೆ ಎತ್ತಿಕೊಂಡು ಹೋದಾಗ ಅವಳಿಗೆ ಕತ್ತು ನಿಂತಿರಲಿಲ್ಲ. ನಿನ್ನೆ ಹೊಳೆಯ ಈಚೆಯಿಂದಲೇ ಕಂಡೆ, ತಲೆ ನೆಟ್ಟಗಿತ್ತು. ಸ್ವಲ್ಪ ಹೊತ್ತಿಗೆ ಹನುಮಣ್ಣ ಗಾಡಿ ತಿರುಗಿಸಿಕೊಂಡು ಹೋದ, ಮತ್ತೆ ಹಾಗೇ ವಾಪಸು ಬಂದ. ನಿಮ್ಮ ಬೆನ್ನ ಹಿಂದಿನ ಹಳ್ಳವೂ ಬಂದಿದೆಯೆಂದು ಆಗ ಗೊತ್ತಾಯಿತು. ಮುಂದೆ ಹೊಳೆ, ಹಿಂದೆ ಹಳ್ಳ, ನಡುವೆ ಆ ಕಲ್ಲುಮಂಟಪ.

ಓಡಿಹೋಗಿ ಹರಿಗೋಲು ಇಳಿಸೆಂದು ಕ್ಯಾತಪ್ಪನನ್ನು ಕೇಳಿದೆ. ಅವನು ಆಗದೆಂದು ತಲೆಯಾಡಿಸಿದ. ಹೊಸನೀರು ಬಂದ ಮೂರು ದಿನ ಇವರು ಹರಿಗೋಲು ಇಳಿಸುವುದಿಲ್ಲ, ಹೊಳೆಗೆ ಕಾಲೂ ಅದ್ದುವುದಿಲ್ಲ. ಹೊಳೆ ಆಗ ಹೊರಗಾದ ಹೆಣ್ಣಿನ ಲೆಕ್ಕ. ಪಾತಮ್ಮ ನಕ್ಕಳು: "ಎಂಟು ವರ್ಸದಿಂದ ನಿಂತೋಗಿತ್ತು, ಗಂಗವ್ವ ಮುದುಕಿ ಆದ್ಳು ಅಂದ್ಕಂಡಿದ್ವಿ ಅಮ್ಮಾವ್ರೇ. ನೋಡ್ರಿ, ಮತ್ತೆ ಹೊರಗಾಗವ್ಳೆ!" ನನಗೆ ನಗು ಬರಲಿಲ್ಲ. ಕೆಮ್ಮಣ್ಣು ಕದಡಿ ನೀರು ಕೆಂಪಾಗಿದೆಯೇ ಹೊರತು ಹೊಳೆಗೆ ಮುಟ್ಟೂ ಇಲ್ಲ ಮೈಲಿಗೆಯೂ ಇಲ್ಲವೆಂದು ಕಾಲೇಜಿನ ಮಾತಾಡಿದೆ. ಕ್ಯಾತಪ್ಪ ಸಿಟ್ಟು ಮಾಡಲಿಲ್ಲ. "ಮಣ್ಣೋ ಮುಟ್ಟೋ ತಾಯಿ, ಮೂರು ದಿನ ಅವಳ ಮೈ ಅವಳ ಕೈಲಿರಾಕಿಲ್ಲ. ಮೂರೇ ದಿನ. ನಿಮ್ಮವ್ವಾರ ತಾವ ಆಡೈತೆ, ಹಾಲೈತೆ, ಮ್ಯಾಲೆ ಕಲ್ಲು ಚಾವಣಿ ಐತೆ. ಕೂಸು ಸುಖವಾಗಿರ್ತೈತೆ" ಅಂದ. ಗಾಡಿಯ ಹಿಂದೆ ಕಟ್ಟಿದ್ದ ಆಡನ್ನು ಅವನು ಇಲ್ಲಿಂದಲೇ ಕಂಡಿದ್ದ. ನಾನು ಮನಸ್ಸಿನಲ್ಲೇ ಶಪಿಸುತ್ತ ಒಳಗೆ ಬಂದೆ.

ಕತ್ತಲಾಗುವ ಮೊದಲು, ಅವ್ವ, ಆಚೆ ದಂಡೆಯಲ್ಲಿ ಎರಡು ಬೆಂಕಿ ಕಂಡವು.

ಈ ರೇವಿನಲ್ಲಿ ಒಂದು ಲೆಕ್ಕವುಂಟು. ಕೂಗು ಕೇಳದಷ್ಟು ಹೊಳೆ ಮೊರೆಯುವಾಗ ದಂಡೆಯಿಂದ ದಂಡೆಗೆ ಬೆಂಕಿಯಲ್ಲೇ ಮಾತು. ಒಂದು ಬೆಂಕಿಯೆಂದರೆ ಇಲ್ಲಿ ಎಲ್ಲ ಸುಖ, ಬರಬೇಡಿ. ಎರಡು ಬೆಂಕಿಯೆಂದರೆ ಜೀವ ಹೋಗುವ ಹೊತ್ತು, ಇದ್ದ ಹಾಗೇ ಎದ್ದು ಬಾ. ಎರಡು ಬೆಂಕಿ ಕಂಡೂ ಹರಿಗೋಲು ಇಳಿಸದ ಅಂಬಿಗನ ಮನೆಯಲ್ಲಿ ಎರಡೂ ದಂಡೆಯವರು ನೀರು ಮುಟ್ಟುವುದಿಲ್ಲ. ಅವರ ಮೂರು ದಿನದ ಕಟ್ಟಿಗಿಂತ ದೊಡ್ಡ ಕಟ್ಟು ಇದೊಂದೇ.

ಕ್ಯಾತಪ್ಪ ಬಹಳ ಹೊತ್ತು ನೋಡಿದ. ಪಾತಮ್ಮನೂ ನೋಡಿದಳು, ಅವಳು ಆಗ ನಗಲಿಲ್ಲ. ಹೊರಡುವ ಮೊದಲು ಅವನು ನನ್ನನ್ನು ಒಂದು ಮಾತು ಕೇಳಿದ. ನಾನು ಉತ್ತರ ಹೇಳಿದೆ. ಅಷ್ಟೇ. ಅವನು ಕಂಬಳಿಯನ್ನು ಸೊಂಟಕ್ಕೆ ಸುತ್ತಿ ಹರಿಗೋಲನ್ನು ತಲೆಯ ಮೇಲೆ ಹೊತ್ತು ರೇವಿಗೆ ಇಳಿದ.

ಹರಿಗೋಲಿಗೆ ಇಬ್ಬರು ಬೇಕು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಬರುವ ನೀರನ್ನು ಮೊಗೆದು ಚೆಲ್ಲಬೇಕು, ಅದು ಬುಗುರಿಯಂತೆ ಸುತ್ತದ ಹಾಗೆ ಎದುರು ಬದಿಗೆ ಭಾರವಾಗಿ ಕೂರಬೇಕು. ಸೇತುವೆಯ ಆಳುಗಳೆಲ್ಲ ಕಲ್ಲು ಒಡೆಯುವ ಗುಡ್ಡದ ಜನ, ನೀರು ಕಂಡವರಲ್ಲ. ಯಾರೂ ಮುಂದೆ ಬರಲಿಲ್ಲ. ಪಾತಮ್ಮ ಸೀರೆ ಎತ್ತಿ ಕಟ್ಟಿದಳು. ಅವನು ಬೇಡವೆಂದ. "ಇಬ್ರೂ ಹೋದ್ರೆ ಇದನ್ನ ಯಾರ್ ಆಡಿಸ್ತಾರೆ?" ಎಂದು ಅವಳ ಕಂಕುಳಲ್ಲಿದ್ದ ತಮ್ಮ ಕೂಸು ಪಾಪಕ್ಕನ ಕೆನ್ನೆ ಚಿವುಟಿದ. ಆಮೇಲೆ ನನ್ನ ಕಡೆ ತಿರುಗಿ, "ನಮ್ ಪಾತಿ ಹಾಲು ಕುಡ್ದ ಕೂಸು ತಾಯಿ ಅದು. ಗಂಗವ್ವ ಕೋಪ ಮಾಡ್ಕಂಡ್ರೂ ಸ್ವಲ್ಪವೇ ಮಾಡ್ಕಂತಾಳೆ" ಅಂದ.

ಇದನ್ನು ಹನುಮಣ್ಣನಿಗೆ ಕೇಳಿಸಬೇಡ ಎಂದದ್ದು ಅದಕ್ಕೇ. ಹೌದು ಅವ್ವ. ನೀನು ಬರುವ ಮೊದಲು ಜ್ವರದಲ್ಲಿ ನನ್ನೆದೆ ಬತ್ತಿತ್ತು. ಕೂಸು ಅತ್ತು ಅತ್ತು ದನಿ ಹೋಗಿತ್ತು. ಪಾತಮ್ಮ ಕೇಳಿದಳು, ನಾನು ಬೇಡ ಎನ್ನಲಿಲ್ಲ. ಪಾಪಕ್ಕನಿಗೆ ಒಂದು ಕಡೆ, ಜೋಗಿಗೆ ಒಂದು ಕಡೆ. ಹೊರಗಿನವರ ಮನೆಯಲ್ಲಿ ಮಜ್ಜಿಗೆಯನ್ನೂ ಮುಟ್ಟದ ನಿನಗೆ ಹೇಳುವ ಧೈರ್ಯ ನನಗಾಗಲಿಲ್ಲ. ಆಡಿನ ಹಾಲು ಕುಡಿಸಿದೆವೆಂದು ಹೇಳಿದೆ. ನೀನು ಈಗ ಮುಖ ತಿರುಗಿಸಿಕೊಂಡಿದ್ದರೆ ತಿರುಗಿಸಿಕೋ, ಕಾಗದವನ್ನು ಮಾತ್ರ ಕೆಳಗಿಡಬೇಡ.

ಅವನು ಹೊರಟದ್ದನ್ನು ನಾವಿಬ್ಬರೂ ದಂಡೆಯಲ್ಲಿ ನಿಂತು ನೋಡಿದೆವು. ಮೊದಲು ದಂಡೆಗುಂಟ ಮೇಲಕ್ಕೆ ಬಹಳ ದೂರ ಹೊತ್ತೊಯ್ದು, ಅಲ್ಲಿ ನೀರಿಗೆ ಬಿಟ್ಟ. ಹೊಳೆ ಎಳೆದಷ್ಟು ಎಳೆಯಲಿ, ಕೊನೆಗೆ ಮಂಟಪದ ಎದುರು ಮುಟ್ಟಬೇಕು, ಅದು ಲೆಕ್ಕ. ಸೇತುವೆಯ ಕಂಬಗಳ ನಡುವೆ ನುಸುಳುವವರೆಗೆ ಚೆನ್ನಾಗಿಯೇ ಇತ್ತು. ಅಲ್ಲಿ ನೀರು ಇಕ್ಕಟ್ಟಿಗೆ ಸಿಕ್ಕಿ ರಭಸ ಹೆಚ್ಚಿತ್ತು. ಹಿಂದೆ ಹೊಳೆಯಲ್ಲಿ ಕಂಬಗಳಿರಲಿಲ್ಲವಲ್ಲ. ಹರಿಗೋಲು ಗಿರ್ರನೆ ಸುತ್ತಿತು. ಅವನ ಹುಟ್ಟು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮಿಂಚಿತು. ಮಂಟಪವನ್ನು ದಾಟಿ ಕೆಳಗೆ, ಹೊಳೆ ತಿರುಗುವ ಬಾಗಿನ ಹತ್ತಿರದ ಜಾಲಿಮರಗಳವರೆಗೂ ಕಂಡ. ಅಷ್ಟರಲ್ಲಿ ಮಳೆ ಬಂತು. ಮಳೆಯಲ್ಲಿ ಅವನೂ ಕಾಣಲಿಲ್ಲ, ನಿನ್ನ ಎರಡು ಬೆಂಕಿಯೂ ಕಾಣಲಿಲ್ಲ. ಆಚೆ ದಂಡೆಯೇ ಕಾಣಲಿಲ್ಲ.

ದಂಡೆ ಮುಟ್ಟಿದ ಅಂಬಿಗ ಕೊಳ್ಳಿ ಬೀಸಬೇಕು. ಮಳೆಯಲ್ಲಿ ಕೊಳ್ಳಿ ಎಲ್ಲಿಂದ ತಂದಾನು ಎಂದು ನಾನು ಪಾತಮ್ಮನಿಗೆ ಹೇಳುತ್ತಲೇ ಇದ್ದೆ. ಅವಳು "ಹೂಂ" ಅನ್ನುತ್ತಲೇ ಇದ್ದಳು. ಈಗ ಮಳೆ ನಿಂತು ಬಹಳ ಹೊತ್ತಾಯಿತು. ಮೋಡದ ಹಿಂದೆ ಬೆಳುದಿಂಗಳಿದೆ, ಮಂಟಪದ ಗೆರೆ ಮಸುಕಾಗಿ ಕಾಣುತ್ತಿದೆ. ಬೆಂಕಿ ಇಲ್ಲ.

ಈಗ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ. ಅವ್ವ, ಆ ಎರಡು ಬೆಂಕಿ ಏನು? ಜೋಗಿಗೆ ಏನಾದರೂ ಆಗಿತ್ತೇ? ಮೈ ಸುಡುತ್ತಿತ್ತೇ, ಕಣ್ಣು ಮೇಲೆ ಮಾಡಿದಳೇ? ಅಥವಾ ನೀನು ಅನ್ನಕ್ಕೊಂದು ಒಲೆ, ಕೂಸು ಮೀಯಿಸುವ ನೀರಿಗೊಂದು ಒಲೆ ಹೂಡಿದ್ದೆಯಾ? ನಮ್ಮ ಮನೆಯಲ್ಲಿ ಬೇಯಿಸುವ ಒಲೆಯ ಮೇಲೆ ಮೀಯುವ ನೀರನ್ನು ಎಂದೂ ಇಟ್ಟವಳಲ್ಲ ನೀನು. ಕೂಸಿನ ನೀರು ಅನ್ನದ ಉರಿಯಲ್ಲಿ ಕಾದರೆ ಕೂಸಿಗೆ ಹಸಿವು ಹಿಡಿಯುತ್ತದೆ ಅನ್ನುತ್ತೀಯ. ಬಯಲಿನಲ್ಲೇ ಆಗಲಿ, ಮಂಟಪದಲ್ಲೇ ಆಗಲಿ, ದಾರಿಯ ಧೂಳು ಮೆತ್ತಿದ ಮೊಮ್ಮಗಳನ್ನು ಮೀಯಿಸದೆ ಮಲಗಿಸುವ ಕೈಯಲ್ಲ ನಿನ್ನದು. ಮೂರು ಕಲ್ಲು ಇಲ್ಲಿ, ಮೂರು ಕಲ್ಲು ಅಲ್ಲಿ.

ಹಾಗಿದ್ದರೆ ನನ್ನ ಮಗಳು ಸುಖವಾಗಿ ಮಿಂದು ಮಲಗಿದ್ದಾಳೆ, ಕ್ಯಾತಪ್ಪ ಅವಳ ಬಚ್ಚಲೊಲೆಗಾಗಿ ಹೊಳೆಗೆ ಬಿದ್ದ. ಹಾಗಲ್ಲದಿದ್ದರೆ ಅವನು ಹೋದದ್ದು ಸರಿ, ನನ್ನ ಮಗಳು... ಎರಡರಲ್ಲಿ ಯಾವುದಾಗಿರಲಿ ಎಂದು ದೇವರನ್ನು ಬೇಡಲಿ ಅವ್ವ? ಸಂಜೆಯಿಂದ ಕೈ ಮುಗಿದು ಕೂತಿದ್ದೇನೆ.

ಪಾತಮ್ಮ ಈಗ ಒಳಗೆ ಬಂದು ಹೋದಳು. ಪಾಪಕ್ಕ ನನ್ನ ಹಾಸಿಗೆಯಲ್ಲಿ, ಜೋಗಿಗೆಂದು ಒಗೆದು ಮಡಿಸಿಟ್ಟ ಕುಲಾವಿ ಹಾಕಿಕೊಂಡು ಮಲಗಿದೆ. ಅವಳಿಗೆ ಹೊದಿಕೆ ಸರಿಮಾಡಿ, "ಬೆಳಕರಿಯೋಗಂಟ ನೋಡ್ತೀನಿ ಅಮ್ಮಾವ್ರೇ. ಒಂದು ಬೆಂಕಿ ಕಂಡ್ರೆ ಸರಿ. ಕಾಣ್ದಿದ್ರೆ ನಾನು ಇಳೀತೀನಿ. ಬಾಗಿನ ತಾವ ಜಾಲಿಮರದಾಗೆ ಸಿಕ್ಕಂಡಿದ್ರೂ ಸಿಕ್ಕಂಡಿರ್ತಾನೆ, ಯಾರೂ ಬರ್ಲಿಲ್ಲ ಅಂದ್ಕಂತಾನೆ" ಅಂದಳು. ಕೋಳಿ ಕವುಚುತ್ತಿದ್ದ ಹರಿಗೋಲಿನಲ್ಲಿ ಹೇಗೆ ಹೋಗುತ್ತೀಯೆಂದು ಕೇಳಿದೆ. "ಕೋಳಿ ಏನ್ ತೂತು ಮಾಡಿಲ್ಲ ಬಿಡ್ರಿ" ಅಂದಳು. ಮಾತಿಗೆ ನಗು ಸೇರಿಸಲು ನೋಡಿದಳು, ಸೇರಲಿಲ್ಲ. ತೋಟಪ್ಪ ಎಷ್ಟು ಬೈದರೂ ಅವಳು ರಾಳದ ಮಡಕೆ ಕೆಳಗಿಡಲಿಲ್ಲ.

ಅದಕ್ಕೇ ಅವ್ವ, ಈ ಕಾಗದ ಓದಿ ಮುಗಿಸಿದ ಕೂಡಲೆ ಏಳು. ಬುಟ್ಟಿಯಲ್ಲಿ ಬೆಂಕಿಪೆಟ್ಟಿಗೆ ಇದೆ, ಸೀಮೆಎಣ್ಣೆಯ ಬಾಟ್ಲಿ ಇದೆ, ಒಣಗಿದ ತೊಗರಿ ಕಟ್ಟಿಗೆಯ ಸಣ್ಣ ಕಟ್ಟು ಇದೆ. ಸಾಲದಿದ್ದರೆ ಹನುಮಣ್ಣನಿಗೆ ಹೇಳಿ ಗಾಡಿಯ ಗೂಟಗಳನ್ನು ಮುರಿಸು. ಬುಟ್ಟಿಯನ್ನೇ ಸುಡು. ಬೂದಿ ಕೆದಕಿ ಹಳೆಯ ಎರಡು ಒಲೆಯಲ್ಲೂ ಕೆಂಡವಿಲ್ಲವೆಂದು ನೋಡಿಕೊಂಡು, ಮಂಟಪದ ಮೂಡಣ ಅಂಚಿನಲ್ಲಿ ಒಂದೇ ಒಂದು ಬೆಂಕಿ ಹಚ್ಚು.

ಕಣ್ಣು ಉರಿಯುತ್ತಿದೆ, ಅಕ್ಷರ ಸೊಟ್ಟವಾಗಿದ್ದರೆ ಕೂಡಿಸಿಕೊಂಡು ಓದು. ಕೂಸಿನ ಹಣೆಗೆ ನನ್ನ ಪರವಾಗಿ ನಿನ್ನ ಕೆನ್ನೆ ಇಡು.

ಇಂತಿ ನಿನ್ನ ಕಣ್ಣಿಗೆ ಈಗಲೂ ಕಾಣುವ ದೂರದಲ್ಲಿರುವ ಮಗಳು,
ಉಚ್ಚಂಗೆಮ್ಮ

ಮರೆತ ಮಾತು ಎಂದು ಇಲ್ಲಿ ಬರೆಯುವುದು ರೂಢಿ. ನಾನು ಮರೆತಿರಲಿಲ್ಲ. ಕ್ಯಾತಪ್ಪ ಹೊರಡುವ ಮೊದಲು ಕೇಳಿದ್ದು ಇದು: "ನಿಮ್ಮವ್ವಾರು ಹೊಳೆ ಕಡೇರಲ್ಲ ತಾಯಿ. ಎಲ್ಡು ಬೆಂಕಿ ಅಂದ್ರೆ ಏನು ಅಂತ ಅವ್ರಿಗೆ ಗೊತ್ತೈತಾ? ಒಲೆ ಅಲ್ಲ ತಾನೇ?" ನಾನು, "ಗೊತ್ತಿದೆ, ನಾನೇ ಹೇಳಿಕೊಟ್ಟಿದ್ದೇನೆ" ಅಂದೆ. ಹೇಳಿಕೊಟ್ಟಿರಲಿಲ್ಲ. ಈ ರೇವಿನ ಲೆಕ್ಕವನ್ನು ನೀನು ಮೊದಲ ಸಲ ಓದಿದ್ದು ಈ ಕಾಗದದಲ್ಲೇ. ನಿನ್ನ ಎರಡು ಒಲೆಯ ನೆನಪು ಆ ಕ್ಷಣದಲ್ಲೇ ನನಗೆ ಬಂದಿತ್ತು. ಆದರೂ ನನ್ನ ಕೂಸು ನನಗೆ ಬೇಕಾಗಿತ್ತು.

ಪಾತಮ್ಮ ಆಗ ಪಕ್ಕದಲ್ಲೇ ನಿಂತಿದ್ದಳು. ಈಗ ಕಾಗದ ಮಡಿಸುತ್ತಿದ್ದ ನನ್ನ ಹತ್ತಿರ ಬಂದು, ಮುಖ ನೋಡದೆ, "ಈಗ್ಲಾದ್ರೂ ನಿಮ್ಮವ್ವಾರಿಗೆ ಲೆಕ್ಕ ಬರ್ದು ತಿಳಿಸ್ರಿ ಅಮ್ಮಾವ್ರೇ" ಅಂದಳು. ಅವಳಿಗೆ ಸಂಜೆಯಿಂದಲೇ ಗೊತ್ತಿತ್ತು. ಆಮೇಲೂ ನನ್ನ ಹಾಸಿಗೆಯಲ್ಲಿ ತನ್ನ ಮಗಳನ್ನು ಮಲಗಿಸಿದ್ದಳು.

ಕೂಸು ಹೇಗಿದೆಯೆಂದು ನಾನು ಕೇಳಿದ್ದನ್ನು ಬಿಟ್ಟುಬಿಡು. ಒಂದು ಬೆಂಕಿಗೆ ಒಂದೇ ಮಾತು ಹೇಳಲು ಬರುತ್ತದೆ. ಆ ಮಾತನ್ನು ಕ್ಯಾತಪ್ಪನಿಗೆ ಇಟ್ಟಿದ್ದೇನೆ. ಮೇಲೆ ಏನೇ ಬರೆದಿದ್ದರೂ, ಅವನು ಬಂದು ನಿನ್ನ ಎದುರಿಗೆ ಕೂತಿದ್ದರೆ ಮಾತ್ರ ಹಚ್ಚು. ಬಂದಿರದಿದ್ದರೆ ನಮ್ಮ ಸಮಾಧಾನಕ್ಕೆಂದು ಹಚ್ಚಬೇಡ, ಕತ್ತಲನ್ನೇ ಬಿಡು. ಈ ಹೊಳೆಯ ಮೇಲೆ ಒಂದು ಸುಳ್ಳು ಸಾಕು. ಹರಿಗೋಲಿಗೆ ಇಬ್ಬರು ಬೇಕೆಂದು ಮೇಲೆ ಬರೆದಿದ್ದೇನೆ. ಕತ್ತಲಾಗಿಯೇ ಉಳಿದರೆ ಪಾತಮ್ಮನ ಎದುರು ಬದಿಯಲ್ಲಿ ಕೂತು ನೀರು ಮೊಗೆಯುವವಳು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಮಕ್ಕಳಿಬ್ಬರನ್ನೂ ಆಮೇಲೆ ನೀನೇ ನೋಡಿಕೊಳ್ಳಬೇಕು, ಬೇರೆ ಬೇರೆ ಒಲೆ ಹೂಡದೆ.

ತೋಟಪ್ಪ ಲಾಟೀನು ಹಚ್ಚಿದ. ನಾನು ಕಿಟಕಿಯಲ್ಲೇ ಇರುತ್ತೇನೆ. ಅವನು ಅಲ್ಲಿದ್ದರೆ, ಅವ್ವ, ನಿನ್ನ ಕಾಲು ಹಿಡಿಯುತ್ತೇನೆ, ಒಂದು ಬೆಂಕಿ. ಬೆಳಗಾಗುವುದರೊಳಗೆ.